ಪಂಕ್ತಿಭೇದವಿಲ್ಲದ ಬಲಿಪೀಠ: ವಿಕಲಚೇತನ ಯುವಜನರು ಮತ್ತು ಪರಮಪ್ರಸಾದದ ಚರಿತ್ರೆ

ಪರಮಪ್ರಸಾದವನ್ನು ಸ್ವೀಕರಿಸಲು ಒಬ್ಬ ವ್ಯಕ್ತಿಗೆ ಎಷ್ಟು ಅರಿವು ಇರಬೇಕು? ದೈವಶಾಸ್ತ್ರದ ತರಗತಿಯಲ್ಲಿ ಈ ಪ್ರಶ್ನೆಗೆ ಎರಡು ವಾಕ್ಯಗಳಲ್ಲಿ ಉತ್ತರ ಸಿಕ್ಕಿಬಿಡುತ್ತದೆ. ಧರ್ಮಕೇಂದ್ರದಲ್ಲಿ ಹಾಗಲ್ಲ. ಅಲ್ಲಿ ಈ ಪ್ರಶ್ನೆಗೆ ಒಂದು ಮುಖವಿರುತ್ತದೆ. ಮಾತು ಬಾರದ, ಓದು ಹತ್ತದ, ಬಲಿಪೂಜೆಯ ನಡುವೆ ಒಮ್ಮೊಮ್ಮೆ ಜೋರಾಗಿ ಕೂಗುವ ಹದಿನೆಂಟರ ಹುಡುಗನೊಬ್ಬನ ಮುಖ ಅದು. ಅವನೊಡನೆ ದೀಕ್ಷಾಸ್ನಾನ ಪಡೆದವರೆಲ್ಲ ಎಂದೋ ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿ, ದೃಢೀಕರಣವನ್ನೂ ಪಡೆದು, ಯುವಜನರ ಸಂಘಕ್ಕೆ ಸೇರಿರುತ್ತಾರೆ. ಇವನ ಹೆಸರು ಮಾತ್ರ ಯಾವ ಪಟ್ಟಿಗೂ ಏರಿರುವುದಿಲ್ಲ. ಯಾರೂ ಬೇಕೆಂದು ಹೊರಗಿಟ್ಟಿರುವುದಿಲ್ಲ. ಆದರೆ ಯಾರೂ ಒಳಕ್ಕೆ ಕರೆದಿರುವುದೂ ಇಲ್ಲ. ಕಾಲಕ್ರಮದಲ್ಲಿ ಅವನ ತಾಯಿಯೂ ಹಿಂದಿನ ಸಾಲಿಗೆ, ಅಲ್ಲಿಂದ ಹೊರಗಿನ ಜಗಲಿಗೆ, ಕಡೆಗೆ ಮನೆಗೆ ಸರಿದಿರುತ್ತಾಳೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಹೀಗಿರುವಾಗ ಇಂತಹ ಒಂದು ಮನೆಯೂ ಇಲ್ಲದ ಧರ್ಮಕೇಂದ್ರ ನಮ್ಮಲ್ಲಿ ಇರುವುದು ಕಷ್ಟ. ಆದುದರಿಂದ ಗುರು ಅಭ್ಯರ್ಥಿಗಳಾಗಲಿ ಗುರುಗಳಾಗಲಿ ಈ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಎದುರಿಸಲೇಬೇಕು. ಅಂದು ನಾವು ಕೊಡುವ ಉತ್ತರವು ಕೇವಲ ನಮ್ಮ ಸ್ವಭಾವದ ಮೃದುತ್ವವನ್ನೋ ಕಾಠಿಣ್ಯವನ್ನೋ ಅವಲಂಬಿಸಿರಬಾರದು. ಧರ್ಮಸಭೆ ಈ ವಿಷಯದಲ್ಲಿ ನಡೆದು ಬಂದ ದಾರಿಯನ್ನು ತಿಳಿದವರ ಉತ್ತರ ಅದಾಗಿರಬೇಕು. ಆ ದಾರಿಯನ್ನು ಗುರುತಿಸುವುದೇ ಈ ಲೇಖನದ ಉದ್ದೇಶ. ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದಾದರೆ: ಅರಿವನ್ನು ಅರ್ಹತೆಯಾಗಿ ಕೇಳುವ ಪದ್ಧತಿ ಧರ್ಮಸಭೆಯ ಆರಂಭದಿಂದ ಇದ್ದುದಲ್ಲ, ಅದು ಒಂದು ಕಾಲದಲ್ಲಿ, ಒಂದು ಕಾರಣಕ್ಕಾಗಿ ಬೆಳೆದು ಬಂದುದು. ಆ ಕಾರಣವನ್ನು ಗೌರವಿಸುತ್ತಲೇ ಧರ್ಮಸಭೆ ಅದನ್ನು ಮತ್ತೆ ಮತ್ತೆ ತಿದ್ದಿಕೊಂಡಿದೆ.

ಪವಿತ್ರ ಗ್ರಂಥದ ಸಾಕ್ಷ್ಯ

ವಿಕಲಾಂಗರನ್ನು ದೂರವಿಡುವ ವಿಧಿಗೆ ಉದಾಹರಣೆಯಾಗಿ ಯಾಜಕಕಾಂಡದ 21ನೇ ಅಧ್ಯಾಯವನ್ನು ತೋರಿಸುವುದು ವಾಡಿಕೆ. ಆರೋನನ ವಂಶದವರಲ್ಲಿ ಅಂಗದೋಷವುಳ್ಳವನು ಬಲಿಪೀಠವನ್ನು ಸಮೀಪಿಸಿ ಬಲಿಯರ್ಪಿಸಬಾರದೆಂಬುದು ಅಲ್ಲಿಯ ವಿಧಿ. ಆದರೆ ಅದೇ ಅಧ್ಯಾಯದ 22ನೇ ವಚನವನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಅಂಥವನು ದೇವರಿಗೆ ಅರ್ಪಿತವಾದ ಆಹಾರವನ್ನು, ಪವಿತ್ರವಾದುದನ್ನೂ ಅತಿಪವಿತ್ರವಾದುದನ್ನೂ, ಉಣ್ಣಬಹುದೆಂದು ಆ ವಚನ ಹೇಳುತ್ತದೆ. ಅಂದರೆ ಹಳೆಯ ಒಡಂಬಡಿಕೆಯ ಅತ್ಯಂತ ಕಠಿಣ ವಿಧಿಯೂ ಅರ್ಪಿಸುವ ಕಾರ್ಯವನ್ನು ತಡೆಯಿತೇ ಹೊರತು ಉಣ್ಣುವ ಹಕ್ಕನ್ನು ಕಸಿದುಕೊಳ್ಳಲಿಲ್ಲ.

ಸಮುವೇಲನ ಎರಡನೆಯ ಗ್ರಂಥದಲ್ಲಿ ಎರಡು ದನಿಗಳು ಒಟ್ಟಿಗೆ ಕೇಳಿಸುತ್ತವೆ. 5ನೇ ಅಧ್ಯಾಯದಲ್ಲಿ ಕುರುಡರಿಗೂ ಕುಂಟರಿಗೂ ಮನೆಯೊಳಗೆ ಪ್ರವೇಶವಿಲ್ಲವೆಂಬ ಗಾದೆಯ ಉಲ್ಲೇಖವಿದೆ. 9ನೇ ಅಧ್ಯಾಯದಲ್ಲಿ ಯೋನಾತಾನನ ಮಗ ಮೆಫೀಬೋಶೆತನನ್ನು ದಾವೀದನು ಕರೆತರಿಸುತ್ತಾನೆ. ಐದು ವರ್ಷದವನಾಗಿದ್ದಾಗ ದಾದಿಯ ಕೈತಪ್ಪಿ ಬಿದ್ದು ಎರಡೂ ಕಾಲುಗಳನ್ನು ಕಳೆದುಕೊಂಡವನು ಅವನು. ಅವನು ರಾಜಕುಮಾರರಲ್ಲಿ ಒಬ್ಬನಂತೆ ರಾಜನ ಪಂಕ್ತಿಯಲ್ಲಿ ನಿತ್ಯವೂ ಊಟ ಮಾಡುತ್ತಿದ್ದನೆಂದು ಹೇಳಿ, ಅದರ ಬೆನ್ನಿಗೇ ಅವನ ಎರಡು ಕಾಲುಗಳೂ ಕುಂಟಾಗಿದ್ದವೆಂಬುದನ್ನು ಗ್ರಂಥಕರ್ತನು ನೆನಪಿಸಿ ಆ ಅಧ್ಯಾಯವನ್ನು ಮುಗಿಸುತ್ತಾನೆ. ಅವನ ಕಾಲು ವಾಸಿಯಾಗಲಿಲ್ಲ. ಆದರೂ ಸ್ಥಾನ ದೊರೆಯಿತು. ಹೊಸ ಒಡಂಬಡಿಕೆಯಲ್ಲಿ ಯೇಸು ಮಹಾದೇವಾಲಯವನ್ನು ಶುದ್ಧೀಕರಿಸಿದ ಕೂಡಲೇ ಅಲ್ಲಿಗೆ ಬಂದವರು ಕುರುಡರು ಮತ್ತು ಕುಂಟರು ಎಂದು ಮತ್ತಾಯನು ಬರೆಯುತ್ತಾನೆ (21:14). ಹಳೆಯ ಗಾದೆಗೆ ಅಲ್ಲಿ ಉತ್ತರ ಸಿಕ್ಕಿದೆ. ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಂತೂ ಔತಣಕ್ಕೆ ಯಾರನ್ನು ಕರೆಯಬೇಕೆಂಬ ಪಟ್ಟಿಯನ್ನು ಯೇಸುವೇ ಕೊಡುತ್ತಾರೆ. ಬಡವರು, ಅಂಗವಿಕಲರು, ಕುಂಟರು, ಕುರುಡರು ಅದರಲ್ಲಿದ್ದಾರೆ.

ಇಷ್ಟಿದ್ದರೂ ನಮ್ಮ ಚರ್ಚೆಯಲ್ಲಿ ನಿರ್ಣಾಯಕವೆನಿಸಿರುವುದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂದು ಮಾತು (11:29). ಪ್ರಭುವಿನ ದೇಹವನ್ನು ವಿವೇಚಿಸದೆ ಉಣ್ಣುವವನು ತನ್ನ ಮೇಲೆಯೇ ತೀರ್ಪನ್ನು ತಂದುಕೊಳ್ಳುತ್ತಾನೆಂಬ ಎಚ್ಚರಿಕೆ ಅದು. ವಿವೇಚಿಸಲು ಬುದ್ಧಿ ಬೇಕು, ಬುದ್ಧಿಯಿಲ್ಲದವನು ಉಣ್ಣಬಾರದು ಎಂಬ ತರ್ಕ ಇಲ್ಲಿಂದಲೇ ಹುಟ್ಟಿತು. ಆದರೆ ಪೌಲರು ಗದರುತ್ತಿರುವುದು ಯಾರನ್ನು? ಬುದ್ಧಿ ಕಡಿಮೆಯಿರುವವರನ್ನಲ್ಲ. ಕೊರಿಂಥದ ಅನುಕೂಲಸ್ಥರು ತಾವು ಮೊದಲೇ ಉಂಡು ಕುಡಿದು, ತಡವಾಗಿ ಬರುವ ಬಡವರನ್ನು ಹಸಿವಿನಲ್ಲಿ ಬಿಟ್ಟು ಅವಮಾನಿಸುತ್ತಿದ್ದರು. ನಮ್ಮ ನಾಡಿನವರಿಗೆ ಇದಕ್ಕೆ ವಿವರಣೆಯೇ ಬೇಡ. ಇದು ಶುದ್ಧ ಪಂಕ್ತಿಭೇದ. ಒಬ್ಬರನ್ನೊಬ್ಬರು ಕಾಯಿರಿ ಎಂಬುದೇ ಪೌಲರು ಕೊಡುವ ಪರಿಹಾರ. ಅದರ ಮುಂದಿನ ಅಧ್ಯಾಯದಲ್ಲಿಯೇ ದೇಹದ ದುರ್ಬಲ ಅಂಗಗಳು ಅತ್ಯಗತ್ಯವಾದವುಗಳೆಂದು ಅವರು ಬೋಧಿಸುತ್ತಾರೆ. ಪರಮಪ್ರಸಾದವನ್ನು ಸಾಮಾನ್ಯ ಆಹಾರದಿಂದ ಬೇರೆಯೆಂದು ತಿಳಿಯಬೇಕೆಂಬ ಅರ್ಥ ಆ ಮಾತಿಗಿದೆ. ಸಭೆಯ ಪರಂಪರೆ ಅದನ್ನು ಸರಿಯಾಗಿಯೇ ಕಾಪಾಡಿದೆ. ಆದರೆ ಪಕ್ಕದಲ್ಲಿ ಕುಳಿತ ದುರ್ಬಲನನ್ನು ಕ್ರಿಸ್ತನ ದೇಹದ ಅಂಗವೆಂದು ಗುರುತಿಸಬೇಕೆಂಬ ಅರ್ಥವೂ ಅದಕ್ಕಿದೆ. ಆ ದುರ್ಬಲನನ್ನೇ ಹೊರಗಿಡಲು ಈ ವಚನವನ್ನು ಬಳಸಿದರೆ ಅದರ ಮೊನೆಯನ್ನು ತಿರುಗಿಸಿ ಹಿಡಿದಂತಾಗುತ್ತದೆ.

ಮೊದಲ ಸಹಸ್ರಮಾನ

ಆದಿಸಭೆಯಲ್ಲಿ ದೀಕ್ಷಾಸ್ನಾನ, ಅಭ್ಯಂಗ ಮತ್ತು ಪರಮಪ್ರಸಾದಗಳು ಒಂದೇ ಪ್ರವೇಶವಿಧಿಯ ಮೂರು ಹೆಜ್ಜೆಗಳಾಗಿದ್ದವು. ಮೊದಲ ಹೆಜ್ಜೆಯನ್ನಿಟ್ಟವನಿಗೆ ಕೊನೆಯದನ್ನು ನಿರಾಕರಿಸುವ ಯೋಚನೆ ಸುಲಭವಾಗಿ ಬರುತ್ತಿರಲಿಲ್ಲ. ಹಸುಳೆಗಳಿಗೂ ಪರಮಪ್ರಸಾದವನ್ನು ಕೊಡುತ್ತಿದ್ದರು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ನರು ಸುಮಾರು 251ರಲ್ಲಿ, ಹಿಂಸೆಯ ಕಾಲದಲ್ಲಿ ವಿಶ್ವಾಸದಿಂದ ಜಾರಿದವರ ಕುರಿತು ಬರೆದ ಗ್ರಂಥದಲ್ಲಿ, ಇನ್ನೂ ಮಾತು ಬಾರದ ಹೆಣ್ಣುಮಗುವೊಂದಕ್ಕೆ ಉಪಯಾಜಕನು ಪಾನಪಾತ್ರೆಯಿಂದ ಕುಡಿಸಿದ ಪ್ರಸಂಗವನ್ನು ಹೇಳುತ್ತಾರೆ. ಮಗುವಿಗೆ ಕೊಟ್ಟದ್ದು ಅಲ್ಲಿ ವಿಶೇಷವೇನಲ್ಲ. ಅದು ನಿತ್ಯದ ರೂಢಿಯೆಂಬಂತೆಯೇ ಅವರು ಬರೆಯುತ್ತಾರೆ. ಮನುಷ್ಯಪುತ್ರನ ಮಾಂಸವನ್ನು ತಿಂದು ರಕ್ತವನ್ನು ಕುಡಿಯದ ಹೊರತು ಜೀವವಿಲ್ಲವೆಂಬ ಯೊವಾನ್ನನ ಶುಭಸಂದೇಶದ 6ನೇ ಅಧ್ಯಾಯದ ಬೋಧನೆ ಹಸುಳೆಗಳಿಗೂ ಅನ್ವಯಿಸುತ್ತದೆಂದು ಸಂತ ಅಗಸ್ಟೀನರು ವಾದಿಸಿದರು.

ಪೂರ್ವದ ಸಭೆಗಳು ಈ ಪದ್ಧತಿಯನ್ನು ಬಿಡಲಿಲ್ಲ. ಆರ್ಥೊಡಾಕ್ಸ್ ಸಭೆಗಳಲ್ಲಿ ಇಂದಿಗೂ ದೀಕ್ಷಾಸ್ನಾನ ಪಡೆದ ಹಸುಳೆಗೆ ಪರಮಪ್ರಸಾದವನ್ನು ಕೊಡುತ್ತಾರೆ. 1990ರಲ್ಲಿ ಪ್ರಕಟವಾದ ಪೂರ್ವದ ಕಥೋಲಿಕ ಸಭೆಗಳ ಕಾನೂನು ಸಂಹಿತೆಯ 710ನೇ ವಿಧಿಯೂ ಹಸುಳೆಗಳ ಪರಮಪ್ರಸಾದ ಸ್ವೀಕಾರಕ್ಕೆ ಆಯಾ ಸಭೆಯ ಆರಾಧನಾ ನಿಯಮಗಳಂತೆ ಅವಕಾಶ ಕೊಟ್ಟಿದೆ. ನಮ್ಮ ಕರ್ನಾಟಕದಲ್ಲಿಯೇ ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಸಿರೋ ಮಲಬಾರ್ ಧರ್ಮಕ್ಷೇತ್ರಗಳೂ ಪುತ್ತೂರಿನಲ್ಲಿ ಸಿರೋ ಮಲಂಕರ ಧರ್ಮಕ್ಷೇತ್ರವೂ ಈ ಸಂಹಿತೆಗೆ ಒಳಪಟ್ಟಿವೆ. ಅರಿವು ಮೂಡುವ ಮೊದಲೇ ಪರಮಪ್ರಸಾದವನ್ನು ಕೊಡುವುದು ಸಂಸ್ಕಾರದ ಸ್ವರೂಪಕ್ಕೇ ವಿರುದ್ಧವಾಗಿದ್ದರೆ ಧರ್ಮಸಭೆ ಇದನ್ನು ಒಪ್ಪಲು ಸಾಧ್ಯವಿರಲಿಲ್ಲ. ಆದುದರಿಂದ ಲ್ಯಾಟಿನ್ ಸಭೆಯ ನಿಯಮವು ಶಿಸ್ತಿಗೆ ಸೇರಿದ್ದು. ವಿಶ್ವಾಸದ ಸತ್ಯಕ್ಕೆ ಸೇರಿದ್ದಲ್ಲ.

ಪಶ್ಚಿಮದಲ್ಲಿ ಆದ ತಿರುವು

ಪಶ್ಚಿಮದಲ್ಲಿ ಹನ್ನೆರಡು ಹದಿಮೂರನೇ ಶತಮಾನಗಳ ಹೊತ್ತಿಗೆ ಹಸುಳೆಗಳ ಪರಮಪ್ರಸಾದ ಕ್ರಮೇಣ ನಿಂತುಹೋಯಿತು. ಅದಕ್ಕೆ ಮುಖ್ಯ ಕಾರಣ ಭಕ್ತಿಯೇ. ಪರಮಪ್ರಸಾದದಲ್ಲಿ ಕ್ರಿಸ್ತನ ನಿಜಪ್ರಸನ್ನತೆಯ ಬಗ್ಗೆ ಗೌರವ ಬೆಳೆದಂತೆಲ್ಲ ಅದು ಚೆಲ್ಲೀತು, ಉಗುಳಿ ಹೋದೀತು ಎಂಬ ಭಯವೂ ಬೆಳೆಯಿತು. ಹಸುಳೆಗಳಿಗೆ ದ್ರಾಕ್ಷಾರಸದ ರೂಪದಲ್ಲಿ ಕೊಡುವುದು ರೂಢಿಯಾಗಿತ್ತು. ಪಾನಪಾತ್ರೆಯನ್ನು ಜನಸಾಮಾನ್ಯರಿಗೆ ಕೊಡುವುದು ನಿಂತಾಗ ಹಸುಳೆಗಳ ಪಾಲೂ ನಿಂತಿತು. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ತನ್ನ 21ನೇ ವಿಧಿಯಲ್ಲಿ, ವಿವೇಕದ ವಯಸ್ಸನ್ನು ಮುಟ್ಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ ಪಾಸ್ಖಕಾಲದಲ್ಲಿ ಪರಮಪ್ರಸಾದವನ್ನು ಸ್ವೀಕರಿಸಬೇಕೆಂದು ಆಜ್ಞಾಪಿಸಿತು. ಆ ಆಜ್ಞೆ ಒಂದು ಕನಿಷ್ಠ ಕರ್ತವ್ಯವನ್ನು ಗೊತ್ತುಪಡಿಸಿತು. ಕಾಲಾಂತರದಲ್ಲಿ ಜನ ಅದನ್ನು ಅರ್ಹತೆಯ ಗಡಿಯೆಂದು ತಿಳಿದರು.

ಸಂತ ತೋಮಾಸ್ ಅಕ್ವಿನಾಸರು ದೈವಶಾಸ್ತ್ರ ಸಾರಸಂಗ್ರಹದ ಮೂರನೆಯ ಭಾಗದಲ್ಲಿ ಈ ಪ್ರಶ್ನೆಯನ್ನು ಎರಡು ಕಡೆ ನೇರವಾಗಿ ಎತ್ತಿಕೊಂಡಿದ್ದಾರೆ. 68ನೇ ಪ್ರಶ್ನೆಯ 12ನೇ ಪರಿಚ್ಛೇದದಲ್ಲಿ, ಹುಟ್ಟಿನಿಂದಲೇ ವಿವೇಕಶಕ್ತಿಯಿಲ್ಲದವರಿಗೆ ದೀಕ್ಷಾಸ್ನಾನ ಕೊಡಬಹುದೇ ಎಂದು ಕೇಳಿ, ಹಸುಳೆಗಳಂತೆಯೇ ಅವರಿಗೂ ಧರ್ಮಸಭೆಯ ವಿಶ್ವಾಸದ ಆಧಾರದ ಮೇಲೆ ಕೊಡಬೇಕೆನ್ನುತ್ತಾರೆ. 80ನೇ ಪ್ರಶ್ನೆಯ 9ನೇ ಪರಿಚ್ಛೇದದಲ್ಲಿ ಪರಮಪ್ರಸಾದದ ವಿಷಯ ಬಂದಾಗ ಅವರು ಒಂದು ಭೇದವನ್ನು ತೋರಿಸುತ್ತಾರೆ. ವಿವೇಕಶಕ್ತಿ ಮಂದವಾಗಿರುವವರು ಬೇರೆ, ಅದು ಎಂದೂ ಇಲ್ಲದವರು ಬೇರೆ. ಮಂದದೃಷ್ಟಿಯವನನ್ನು ಕಾಣದವನೆಂದು ಕರೆಯುವ ಹಾಗೆ ಮೊದಲನೆಯವರನ್ನು ಬುದ್ಧಿಯಿಲ್ಲದವರೆಂದು ಜನ ಕರೆಯುತ್ತಾರೆ. ಆದರೆ ಅವರಲ್ಲಿ ಈ ಸಂಸ್ಕಾರದ ಬಗ್ಗೆ ಭಕ್ತಿ ಮೂಡಬಲ್ಲುದು, ಆದುದರಿಂದ ಅವರಿಗೆ ನಿರಾಕರಿಸಬಾರದು. ವಿವೇಕಶಕ್ತಿ ಎಂದೂ ಇಲ್ಲದವರಿಗೆ ಮಾತ್ರ ಕೊಡಲಾಗದು ಎಂಬುದು ಅವರ ತೀರ್ಮಾನ.

ಅಕ್ವಿನಾಸರ ಈ ಭೇದವನ್ನು ನಮ್ಮ ಗುರು ಅಭ್ಯರ್ಥಿಗಳು ಗಮನವಿಟ್ಟು ಓದಬೇಕು. ಇಂದು ನಾವು ಹೊರಗಿಡುವ ಯುವಜನರಲ್ಲಿ ಬಹುಪಾಲಿನವರು ಅವರ ಮೊದಲನೆಯ ಗುಂಪಿಗೇ ಸೇರಿದವರು. ಡೌನ್ ಸಿಂಡ್ರೋಮ್ ಇರುವ ಯುವತಿ, ಆಟಿಸಂ ಇರುವ ಯುವಕ ಭಕ್ತಿಯನ್ನು ತಮ್ಮದೇ ರೀತಿಯಲ್ಲಿ ತೋರಿಸುವುದನ್ನು ಅವರ ಮನೆಯವರು ಬಲ್ಲರು. ಹದಿಮೂರನೇ ಶತಮಾನದ ಅಕ್ವಿನಾಸರು ಒಳಕ್ಕೆ ಬಿಟ್ಟವರನ್ನು ಇಪ್ಪತ್ತೊಂದನೇ ಶತಮಾನದ ನಾವು ತಡೆಯುವುದಾದರೆ ಅವರ ಹೆಸರನ್ನು ಆಧಾರವಾಗಿ ಹೇಳುವ ಹಕ್ಕು ನಮಗಿಲ್ಲ. ಎರಡನೆಯ ಗುಂಪಿನ ವಿಷಯದಲ್ಲಿಯೂ ಒಂದು ಪ್ರಶ್ನೆ ಉಳಿಯುತ್ತದೆ. ದೀಕ್ಷಾಸ್ನಾನಕ್ಕೆ ಸಾಕಾದ ಸಭೆಯ ವಿಶ್ವಾಸ ಪರಮಪ್ರಸಾದಕ್ಕೆ ಏಕೆ ಸಾಲದು? ಈ ಪ್ರಶ್ನೆಗೆ ಉತ್ತರ ಬರಲು ಏಳು ಶತಮಾನಗಳು ಬೇಕಾದವು.

ಟ್ರೆಂಟ್ ಮಹಾಸಭೆ 1562ರ ಜುಲೈ 16ರ ತನ್ನ 21ನೇ ಅಧಿವೇಶನದಲ್ಲಿ, ವಿವೇಕದ ವಯಸ್ಸನ್ನು ಮುಟ್ಟದ ಮಕ್ಕಳಿಗೆ ಪರಮಪ್ರಸಾದ ಅವಶ್ಯಕವಲ್ಲವೆಂದು ಘೋಷಿಸಿತು. ಅದೇ ಉಸಿರಿನಲ್ಲಿ, ಪ್ರಾಚೀನ ಕಾಲದಲ್ಲಿ ಹಸುಳೆಗಳಿಗೆ ಕೊಡುತ್ತಿದ್ದ ಪದ್ಧತಿಯನ್ನು ಖಂಡಿಸಬಾರದೆಂದೂ ಹೇಳಿತು. ಅವಶ್ಯಕವಲ್ಲವೆಂಬುದು ಒಂದು ಮಾತು, ನಿಷಿದ್ಧವೆಂಬುದು ಇನ್ನೊಂದು ಮಾತು. ಮುಂದಿನ ಶತಮಾನಗಳ ರೂಢಿ ಈ ಎರಡರ ನಡುವಿನ ಅಂತರವನ್ನು ಮರೆಯಿತು.

ಕಿವಿಗೆ ಬದಲು ಕೈ

ಇದೇ ಕಾಲದಲ್ಲಿ ಇನ್ನೊಂದು ದಾರಿಯಲ್ಲಿ ಒಂದು ಬಾಗಿಲು ತೆರೆಯಿತು. ವಿಶ್ವಾಸವು ಕೇಳುವುದರಿಂದ ಹುಟ್ಟುತ್ತದೆಂಬ ಪೌಲರ ಬೋಧನೆಯನ್ನು (ರೋಮನರಿಗೆ 10:17) ಅಕ್ಷರಶಃ ತೆಗೆದುಕೊಂಡವರಿಗೆ ಹುಟ್ಟುಕಿವುಡರು ವಿಶ್ವಾಸಕ್ಕೆ ಎಟುಕದವರಾಗಿ ಕಂಡರು. ಆದರೆ ಸಂತ ಅಗಸ್ಟೀನರೇ ಆತ್ಮದ ಪರಿಮಾಣವನ್ನು ಕುರಿತ ತಮ್ಮ ಸಂವಾದದಲ್ಲಿ, ಮಿಲಾನಿನಲ್ಲಿದ್ದ ಒಬ್ಬ ಕಿವುಡ ಮೂಗ ಯುವಕನನ್ನು ನೆನೆಯುತ್ತಾರೆ. ಅವನು ಇತರರನ್ನು ಅರಿತುಕೊಳ್ಳುತ್ತಿದ್ದುದೂ ತನಗೆ ಬೇಕಾದುದನ್ನು ತಿಳಿಸುತ್ತಿದ್ದುದೂ ಸನ್ನೆಗಳಿಂದಲೇ. ಸನ್ನೆಯೂ ಭಾಷೆಯೆಂಬ ಅರಿವಿನ ಬೀಜ ಅಲ್ಲಿದೆ.

ಆ ಬೀಜ ಫಲಿಸಿದ್ದು ಹದಿನಾರನೇ ಶತಮಾನದ ಸ್ಪೇನಿನಲ್ಲಿ. ಓನ್ಯ ಎಂಬಲ್ಲಿಯ ಬೆನೆಡಿಕ್ಟಿನ್ ಮಠದ ಸನ್ಯಾಸಿ ಪೇದ್ರೊ ಪೊನ್ಸೆ ದೆ ಲೆಯೋನ್ (ಮರಣ 1584) ಶ್ರೀಮಂತ ಮನೆತನಗಳ ಕಿವುಡ ಮಕ್ಕಳಿಗೆ ಓದು, ಬರಹ, ಮಾತುಗಳನ್ನು ಕಲಿಸಿದರು. ಮೌನವ್ರತದ ಮಠಗಳಲ್ಲಿ ಸನ್ಯಾಸಿಗಳು ತಮ್ಮತಮ್ಮಲ್ಲಿ ಸನ್ನೆಗಳನ್ನು ಬಳಸುತ್ತಿದ್ದರೆಂಬುದು ಇಲ್ಲಿ ನೆನೆಯತಕ್ಕದ್ದು. ಎರಡು ಶತಮಾನಗಳ ನಂತರ ಪ್ಯಾರಿಸಿನಲ್ಲಿ ಗುರು ಶಾರ್ಲ್ ಮಿಶೆಲ್ ದ ಲೆಪೇ (1712–1789) ಇಬ್ಬರು ಕಿವುಡ ಸೋದರಿಯರನ್ನು ಕಂಡರು. ಅವರಿಗೆ ಕಲಿಸುತ್ತಿದ್ದ ಗುರುಗಳು ತೀರಿಹೋಗಿದ್ದರು. ಧರ್ಮೋಪದೇಶವಿಲ್ಲದೆ ಇವರು ಸಂಸ್ಕಾರಗಳಿಂದ ದೂರ ಉಳಿದಾರೆಂಬ ಚಿಂತೆಯಿಂದಲೇ ಲೆಪೇಯವರು ಆ ಕೆಲಸವನ್ನು ಕೈಗೆತ್ತಿಕೊಂಡರು. ಕಿವುಡರು ತಮ್ಮೊಳಗೆ ಬಳಸುತ್ತಿದ್ದ ಸನ್ನೆಗಳನ್ನು ಮೊದಲು ತಾವು ಕಲಿತು, ಅದರ ಮೂಲಕ ಕಲಿಸಿದರು. ಕಿವುಡರಿಗಾಗಿ ಉಚಿತವಾದ ಸಾರ್ವಜನಿಕ ಶಾಲೆ ಹುಟ್ಟಿದ್ದು ಹೀಗೆ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಇಷ್ಟು. ಹಿಂದಿನವರು ಕಿವುಡರಲ್ಲಿ ಕಂಡ ಕೊರತೆ ಬಹುಮಟ್ಟಿಗೆ ಉಪದೇಶಕರ ಭಾಷೆಯ ಕೊರತೆಯಾಗಿತ್ತು. ಉಪದೇಶಕನು ತನ್ನ ಭಾಷೆಯನ್ನು ಬದಲಿಸಿದೊಡನೆ ಅರಿವಿಲ್ಲದವರೆಂದು ತಿಳಿದವರಲ್ಲಿ ಅರಿವು ಕಾಣಿಸಿತು. 2024ರ ಮೇ ತಿಂಗಳಲ್ಲಿ ತ್ರಿಶ್ಶೂರಿನಲ್ಲಿ ಹೋಲಿ ಕ್ರಾಸ್ ಸಂಸ್ಥೆಯ ಶ್ರವಣದೋಷವುಳ್ಳ ಒಬ್ಬ ಉಪಯಾಜಕರು ಗುರುದೀಕ್ಷೆಯನ್ನು ಪಡೆದು ಭಾರತದ ಮೊದಲ ಕಿವುಡ ಗುರುಗಳೆನಿಸಿದರು. ದೈಹಿಕ ದೋಷವನ್ನು ಗುರುದೀಕ್ಷೆಗೆ ಅಡ್ಡಿಯೆಂದು ಪ್ರತ್ಯೇಕವಾಗಿ ಎಣಿಸಿದ್ದ 1917ರ ಕಾನೂನು ಸಂಹಿತೆಯ 984ನೇ ವಿಧಿ 1983ರ ಸಂಹಿತೆಯಲ್ಲಿ ಉಳಿದಿಲ್ಲ. ಯಾಜಕಕಾಂಡದ ವಿಧಿಯ ನೆರಳು ನಮ್ಮ ಕಾನೂನಿನಿಂದ ಸರಿದದ್ದು ಇತ್ತೀಚೆಗೆ ಎಂಬುದನ್ನು ಮರೆಯಬಾರದು.

1910ರಿಂದ 1971ರವರೆಗೆ

ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಪಶ್ಚಿಮದ ಅನೇಕ ಕಡೆಗಳಲ್ಲಿ ಪ್ರಥಮ ಪರಮಪ್ರಸಾದದ ವಯಸ್ಸು ಹತ್ತು, ಹನ್ನೆರಡು, ಹದಿನಾಲ್ಕಕ್ಕೂ ಏರಿತ್ತು. ಧರ್ಮೋಪದೇಶದ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ದೊರೆಯುವ ಬಹುಮಾನದಂತೆ ಅದು ಮಾರ್ಪಟ್ಟಿತ್ತು. 1910ರ ಆಗಸ್ಟ್ 8ರಂದು ಜಗದ್ಗುರು ಹತ್ತನೇ ಪಿಯೂಸರ ಒಪ್ಪಿಗೆಯಿಂದ ಪ್ರಕಟವಾದ ‘ಕ್ವಾಂ ಸಿಂಗುಲಾರಿ’ ಎಂಬ ಆಜ್ಞಾಪತ್ರ ಈ ರೂಢಿಯನ್ನು ಮುರಿಯಿತು. ಸುಮಾರು ಏಳು ವರ್ಷದ ಮಗು ಸಾಕು; ಧರ್ಮೋಪದೇಶದ ಪೂರ್ಣಜ್ಞಾನ ಬೇಕಿಲ್ಲ; ಪರಮಪ್ರಸಾದವನ್ನು ಸಾಮಾನ್ಯ ರೊಟ್ಟಿಯಿಂದ ಬೇರೆಯೆಂದು ತಿಳಿದು ಅದರ ವಯಸ್ಸಿಗೆ ತಕ್ಕ ಭಕ್ತಿಯಿಂದ ಸಮೀಪಿಸಿದರೆ ಸಾಕು ಎಂದು ಅದು ವಿಧಿಸಿತು. ವಿಕಲಚೇತನರ ಪ್ರಸ್ತಾಪ ಅದರಲ್ಲಿ ಮುಖ್ಯವಾಗಿ ಇರಲಿಲ್ಲ. ಆದರೆ ಅಳತೆಗೋಲು ಪಾಠದಿಂದ ಭಕ್ತಿಯ ಕಡೆಗೆ ಸರಿದ ಮೇಲೆ, ಪಾಠ ಹತ್ತದವರಿಗೂ ಅದರಿಂದ ದಾರಿಯಾಯಿತು.

1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಸಂವಿಧಾನದಲ್ಲಿ ಎಲ್ಲ ವಿಶ್ವಾಸಿಗಳ ಪೂರ್ಣ, ಪ್ರಜ್ಞಾಪೂರ್ವಕ, ಸಕ್ರಿಯ ಭಾಗವಹಿಸುವಿಕೆಯನ್ನು ದೀಕ್ಷಾಸ್ನಾನದ ಬಲದಿಂದ ಬಂದ ಹಕ್ಕು ಮತ್ತು ಕರ್ತವ್ಯವೆಂದು ಸಾರಿತು. ಪ್ರಜ್ಞಾಪೂರ್ವಕ ಎಂಬ ಪದವನ್ನು ಮಾತ್ರ ಹಿಡಿದುಕೊಂಡವರಿಗೆ ಇಲ್ಲಿಯೂ ಒಂದು ಬೇಲಿ ಕಾಣಿಸೀತು. ಆದರೆ ಮಹಾಸಭೆ ಹಕ್ಕಿನ ಮೂಲವನ್ನು ಪ್ರಜ್ಞೆಯಲ್ಲಿಟ್ಟಿಲ್ಲ, ದೀಕ್ಷಾಸ್ನಾನದಲ್ಲಿಟ್ಟಿದೆ. ಮಕ್ಕಳ ಬಲಿಪೂಜೆಗಳನ್ನು ಕುರಿತ 1973ರ ನಿರ್ದೇಶಿಕೆ, ತನ್ನ ನಿಯಮಗಳನ್ನು ಅಗತ್ಯ ಬದಲಾವಣೆಗಳೊಡನೆ ವಿಕಲಚೇತನ ಮಕ್ಕಳಿಗೂ ಅನ್ವಯಿಸಬಹುದೆಂದು ಹೇಳಿತು.

ಆದರೆ ಕಾಗದದ ಮೇಲಿನ ಮಾತು ಜನರ ಮಧ್ಯೆ ಇಳಿಯಲು ನೋವಿನ ಒಂದು ಪ್ರಸಂಗ ಬೇಕಾಯಿತು. 1960ರ ದಶಕದ ಕೊನೆಯಲ್ಲಿ ಫ್ರಾನ್ಸಿನ ದಂಪತಿಗಳು ತೀವ್ರ ವೈಕಲ್ಯವಿದ್ದ ತಮ್ಮ ಇಬ್ಬರು ಗಂಡುಮಕ್ಕಳೊಡನೆ ಲೂರ್ದಿಗೆ ಯಾತ್ರೆ ಹೋಗಲು ಬಯಸಿದರು. ಯಾತ್ರಿಕರ ತಂಡ ಅವರನ್ನು ಸೇರಿಸಿಕೊಳ್ಳಲಿಲ್ಲ. ತಾವೇ ಹೋದಾಗ, ಇಳಿದುಕೊಂಡ ಹೋಟೆಲಿನಲ್ಲಿ ಇತರರೊಡನೆ ಕುಳಿತು ಉಣ್ಣದೆ ಕೋಣೆಯಲ್ಲಿಯೇ ಊಟ ಮಾಡಬೇಕೆಂಬ ಷರತ್ತು ಎದುರಾಯಿತು. ರೋಗಿಗಳ ಯಾತ್ರಾಸ್ಥಳದಲ್ಲಿಯೇ ಪಂಕ್ತಿಭೇದ. ಅವರ ಅಳಲನ್ನು ಕೇಳಿದ ಮರೀ ಎಲೆನ್ ಮಾತ್ಯೂ ಮತ್ತು ಜಾನ್ ವಾನಿಯೇ ಅವರು 1971ರ ಪಾಸ್ಖಹಬ್ಬಕ್ಕೆ ಲೂರ್ದಿಗೆ ಒಂದು ಯಾತ್ರೆಯನ್ನು ಸಂಘಟಿಸಿದರು. 15 ದೇಶಗಳಿಂದ ಸುಮಾರು 12,000 ಜನ ಸೇರಿದರು. ಅವರಲ್ಲಿ ಸುಮಾರು 4,000 ಮಂದಿ ಬೌದ್ಧಿಕ ವೈಕಲ್ಯವಿದ್ದವರು. ಉಳಿದವರು ತಂದೆತಾಯಿಗಳು ಮತ್ತು ಗೆಳೆಯರು, ಅದರಲ್ಲಿಯೂ ಯುವಜನರು. ‘ವಿಶ್ವಾಸ ಮತ್ತು ಬೆಳಕು’ ಎಂಬ ಚಳವಳಿ ಅಲ್ಲಿ ಹುಟ್ಟಿತು.

ವಾನಿಯೇ 1964ರಲ್ಲಿ ಫ್ರಾನ್ಸಿನ ತ್ರೋಲಿ ಬ್ರೂಯ್ ಎಂಬ ಹಳ್ಳಿಯಲ್ಲಿ ಆರಂಭಿಸಿದ್ದ ‘ಲಾರ್ಶ್’ ಸಮುದಾಯದ ಮೊದಲ ಭಾರತೀಯ ಶಾಖೆ ನಮ್ಮ ಬೆಂಗಳೂರಿನಲ್ಲಿಯೇ 1970ರಲ್ಲಿ ‘ಆಶಾನಿಕೇತನ’ ಎಂಬ ಹೆಸರಿನಿಂದ ತೆರೆಯಿತು. ವಿವಿಧ ಧರ್ಮಗಳ ಜನ ಅಲ್ಲಿ ವೈಕಲ್ಯವಿದ್ದವರೊಡನೆ ಒಂದೇ ಸೂರಿನಡಿ, ಒಂದೇ ಪಂಕ್ತಿಯಲ್ಲಿ ಬಾಳಿದರು. ಈ ಸ್ಥಾಪಕರ ವಿಷಯದಲ್ಲಿ ಇನ್ನೊಂದು ಸತ್ಯವನ್ನೂ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 2020 ಮತ್ತು 2023ರಲ್ಲಿ ಲಾರ್ಶ್ ಸಂಸ್ಥೆಯೇ ಪ್ರಕಟಿಸಿದ ವರದಿಗಳು, ವಾನಿಯೇ ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಹಲವು ವಯಸ್ಕ ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದನ್ನು ಬಯಲಿಗೆ ತಂದವು. ಆ ಮಹಿಳೆಯರು ವೈಕಲ್ಯವಿದ್ದವರಲ್ಲವೆಂಬುದರಿಂದ ಅಪರಾಧ ಹಗುರವಾಗುವುದಿಲ್ಲ. ದುರ್ಬಲರಿಗೆ ಸ್ವಾಗತವೀಯುವ ಸಮುದಾಯಕ್ಕೆ ಒಬ್ಬ ವ್ಯಕ್ತಿಯ ಕೀರ್ತಿ ಆಧಾರವಾಗಬಾರದು. ಎಲ್ಲರ ಸುರಕ್ಷತೆಯನ್ನು ಕಾಯುವ ಎಚ್ಚರವೂ ಸ್ವಾಗತದ ಭಾಗವೇ. ಯುವಜನರ ನಡುವೆ ಸೇವೆಗೆ ಇಳಿಯುವ ನಮ್ಮ ಅಭ್ಯರ್ಥಿಗಳು ಎರಡೂ ಪಾಠಗಳನ್ನು ಒಟ್ಟಿಗೆ ಕಲಿಯಬೇಕು.

ಇಂದಿನ ಕಾನೂನು ಮತ್ತು ಬೋಧನೆ

1983ರ ಸಂಹಿತೆಯನ್ನು ಅವಸರದಲ್ಲಿ ಓದಿದವರು 913 ಮತ್ತು 914ನೇ ವಿಧಿಗಳಲ್ಲಿ ನಿಂತುಬಿಡುತ್ತಾರೆ. ಮಕ್ಕಳಿಗೆ ಸಾಕಷ್ಟು ತಿಳಿವಳಿಕೆ ಮತ್ತು ಸಿದ್ಧತೆ ಬೇಕೆಂದೂ, ವಿವೇಕಶಕ್ತಿ ಬಾರದ ಮಕ್ಕಳು ಪರಮಪ್ರಸಾದವನ್ನು ಸಮೀಪಿಸದಂತೆ ಧರ್ಮಕೇಂದ್ರದ ಗುರುಗಳು ನೋಡಿಕೊಳ್ಳಬೇಕೆಂದೂ ಅವು ಹೇಳುತ್ತವೆ. ಆದರೆ ಅವುಗಳ ಮುಂಚಿನ 912ನೇ ವಿಧಿ, ಕಾನೂನಿನಿಂದ ನಿಷೇಧಕ್ಕೊಳಗಾಗದ ದೀಕ್ಷಾಸ್ನಾತರನ್ನೆಲ್ಲ ಪರಮಪ್ರಸಾದಕ್ಕೆ ಬರಮಾಡಿಕೊಳ್ಳಬಹುದು, ಬರಮಾಡಿಕೊಳ್ಳಲೇಬೇಕು ಎನ್ನುತ್ತದೆ. ಅದು ಮೂಲ ನಿಯಮ. ಉಳಿದವು ಅದಕ್ಕೆ ಬಂದ ಮಿತಿಗಳು. ಹಕ್ಕುಗಳನ್ನು ಸಂಕುಚಿತಗೊಳಿಸುವ ವಿಧಿಗಳನ್ನು ಬಿಗಿಯಾದ ಅರ್ಥದಲ್ಲಿಯೇ ತೆಗೆದುಕೊಳ್ಳಬೇಕೆಂಬುದು 18ನೇ ವಿಧಿಯ ಸೂತ್ರ. 777ನೇ ವಿಧಿ ದೈಹಿಕ ಅಥವಾ ಮಾನಸಿಕ ವೈಕಲ್ಯವಿದ್ದವರಿಗೂ ಅವರ ಸ್ಥಿತಿಗೆ ಸಾಧ್ಯವಾದಷ್ಟು ಧರ್ಮೋಪದೇಶ ದೊರೆಯುವಂತೆ ಮಾಡುವ ಹೊಣೆಯನ್ನು ಧರ್ಮಕೇಂದ್ರದ ಗುರುಗಳ ಮೇಲೆಯೇ ಹೊರಿಸಿದೆ. ಕಲಿಸದೆ ಬಿಟ್ಟವರು ತಿಳಿವಳಿಕೆಯಿಲ್ಲವೆಂದು ದೂರುವಂತಿಲ್ಲ. ದೃಢೀಕರಣದ ವಿಷಯದಲ್ಲಿ 889ನೇ ವಿಧಿ ಇನ್ನೂ ಸ್ಪಷ್ಟವಾಗಿದೆ. ವಿವೇಕಶಕ್ತಿಯುಳ್ಳವನಾಗಿದ್ದರೆ ತಕ್ಕ ಉಪದೇಶ ಬೇಕೆಂದು ಅದು ಹೇಳುತ್ತದೆ; ವಿವೇಕಶಕ್ತಿ ಇರಲೇಬೇಕೆಂದು ಹೇಳುವುದಿಲ್ಲ.

ಅಕ್ವಿನಾಸರು ಬಿಟ್ಟುಹೋದ ಪ್ರಶ್ನೆಗೆ ಉತ್ತರ ಬಂದದ್ದು 2007ರಲ್ಲಿ. ಜಗದ್ಗುರು ಹದಿನಾರನೇ ಬೆನೆಡಿಕ್ಟರು ‘ಸಾಕ್ರಾಮೆಂತುಂ ಕಾರಿತಾತಿಸ್’ ಎಂಬ ಪ್ರಬೋಧನಾ ಪತ್ರದ 58ನೇ ಪರಿಚ್ಛೇದದಲ್ಲಿ, ದೀಕ್ಷಾಸ್ನಾನ ಮತ್ತು ದೃಢೀಕರಣ ಪಡೆದ ಬೌದ್ಧಿಕ ವೈಕಲ್ಯವುಳ್ಳವರಿಗೂ ಸಾಧ್ಯವಿದ್ದಲ್ಲೆಲ್ಲ ಪರಮಪ್ರಸಾದ ದೊರೆಯಬೇಕೆಂದು ಬೋಧಿಸಿದರು. ಅಂಥವರು ತಮ್ಮ ಕುಟುಂಬದ ಅಥವಾ ತಮಗೆ ಜೊತೆಯಾಗಿರುವ ಸಮುದಾಯದ ವಿಶ್ವಾಸದಲ್ಲಿಯೂ ಅದನ್ನು ಸ್ವೀಕರಿಸುತ್ತಾರೆಂಬುದು ಅದಕ್ಕೆ ಅವರು ಕೊಟ್ಟ ಕಾರಣ. ದೀಕ್ಷಾಸ್ನಾನದಲ್ಲಿ ಹಸುಳೆಯನ್ನು ಹೊತ್ತ ಅದೇ ವಿಶ್ವಾಸ ಪರಮಪ್ರಸಾದದಲ್ಲಿಯೂ ಹೊರಬಲ್ಲುದು. 2020ರ ಧರ್ಮೋಪದೇಶ ನಿರ್ದೇಶಿಕೆ 269ರಿಂದ 272ರವರೆಗಿನ ಪರಿಚ್ಛೇದಗಳಲ್ಲಿ ಇದನ್ನೇ ಮುಂದುವರಿಸಿ, ವಿಕಲಚೇತನರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲವೆಂದು ಖಚಿತವಾಗಿ ಹೇಳಿದೆ. ಸಂದೇಹವಿದ್ದಲ್ಲಿ ದೀಕ್ಷಾಸ್ನಾತನ ಹಕ್ಕಿನ ಪರವಾಗಿ ತೀರ್ಮಾನಿಸಬೇಕೆಂಬ ಸೂತ್ರವನ್ನು ಅಮೆರಿಕದ ಧರ್ಮಾಧ್ಯಕ್ಷರ ಮಂಡಳಿ 1995ರ ಮಾರ್ಗಸೂಚಿಯಲ್ಲಿಯೇ ಕೊಟ್ಟಿತ್ತು.

ಇದಕ್ಕೆ ಒಂದು ಆಕ್ಷೇಪಣೆಯಿದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅರಿವಿಲ್ಲದವರಿಗೆ ಕೊಟ್ಟರೆ ಸಂಸ್ಕಾರ ಮಂತ್ರವಿದ್ಯೆಯಂತಾಗದೇ? ಪೂಜ್ಯತೆಗೆ ಭಂಗ ಬಾರದೇ? ಮಧ್ಯಯುಗದವರ ಭಯವೂ ಇದೇ. ಅದಕ್ಕೆ ನಮ್ಮ ಉತ್ತರ: ಸಂಸ್ಕಾರವು ಮಂತ್ರವಿದ್ಯೆಯಾಗುವುದು ವಿಶ್ವಾಸವೇ ಇಲ್ಲದೆಡೆಯಲ್ಲಿ. ಇಲ್ಲಿ ವಿಶ್ವಾಸವಿದೆ, ಅದನ್ನು ಒಬ್ಬನ ತಲೆಯೊಳಗೆ ಮಾತ್ರ ಹುಡುಕಬಾರದಷ್ಟೆ. ನಾವು ಯಾರೂ ನಮ್ಮ ಸ್ವಂತ ಅರಿವಿನ ಬಲದಿಂದ ಪರಮಪ್ರಸಾದದ ರಹಸ್ಯವನ್ನು ಹಿಡಿದವರಲ್ಲ. ಶಾಂತಿ ನೀಡುವ ಮುನ್ನ ಬಲಿಪೂಜೆಯಲ್ಲಿ ಪ್ರತಿದಿನವೂ ಗುರುಗಳು ನಮ್ಮ ಪಾಪಗಳನ್ನಲ್ಲ, ಧರ್ಮಸಭೆಯ ವಿಶ್ವಾಸವನ್ನು ನೋಡಬೇಕೆಂದು ಪ್ರಭುವನ್ನು ಬೇಡುತ್ತಾರೆ. ಆ ಬೇಡಿಕೆ ಸಲ್ಲುವುದಾದರೆ ಅದು ಎಲ್ಲರಿಗೂ ಸಲ್ಲಬೇಕು.

ಗುರುಗಳ ಮುಂದಿರುವ ಕೆಲಸ

ಈ ಚರಿತ್ರೆ ನಮ್ಮಿಂದ ಕೆಲವು ಕಾರ್ಯಗಳನ್ನು ನಿರೀಕ್ಷಿಸುತ್ತದೆ. ಮೊದಲನೆಯದು, ಹುಡುಕಿಕೊಂಡು ಹೋಗುವುದು. ಲೂಕನ ಔತಣದ ಸಾಮತಿಯಲ್ಲಿ ಸೇವಕನು ಬೀದಿಬೀದಿಗಳಿಗೆ ಹೋಗಿ ಕರೆತರುತ್ತಾನೆ. ಬಂದವರಿಗೆ ಬಾಗಿಲು ತೆರೆದರೆ ಸಾಕೆಂದು ಕೂರುವುದಿಲ್ಲ. ದೀಕ್ಷಾಸ್ನಾನದ ದಾಖಲೆಪುಸ್ತಕವನ್ನು ಪ್ರಥಮ ಪರಮಪ್ರಸಾದದ ಮತ್ತು ದೃಢೀಕರಣದ ಪುಸ್ತಕಗಳೊಡನೆ ಹೋಲಿಸಿ ನೋಡಿದರೆ ಯಾರ ಹೆಸರು ಎಲ್ಲಿ ನಿಂತುಹೋಗಿದೆಯೆಂಬುದು ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಆ ಮನೆಗಳಿಗೆ ಗುರುಗಳೇ ಹೋಗಬೇಕು.

ಎರಡನೆಯದು, ವಯಸ್ಸಿಗೆ ತಕ್ಕ ಗೌರವ. ವಿವೇಕಶಕ್ತಿಯಿಲ್ಲದವರನ್ನು ಹಸುಳೆಗಳಿಗೆ ಸಮಾನವೆಂದು 99ನೇ ವಿಧಿ ಪರಿಗಣಿಸುವುದು ಅವರ ರಕ್ಷಣೆಗಾಗಿ. ಅದನ್ನೇ ಹಿಡಿದು ಇಪ್ಪತ್ತರ ಯುವತಿಯನ್ನು ಏಳು ವರ್ಷದವರ ಸಾಲಿನಲ್ಲಿ ಕೂರಿಸುವುದು ಸರಿಯಲ್ಲ. ಅವಳ ಓರಗೆಯವರು ಯುವಜನರು. ಅವಳಿಗೆ ಜೊತೆಯಾಗಬೇಕಾದವರೂ ಅವರೇ. ಯುವಜನರ ಸಂಘದ ಒಬ್ಬಿಬ್ಬರು ಪ್ರತಿ ಭಾನುವಾರ ಅವಳ ಪಕ್ಕದಲ್ಲಿ ಕುಳಿತರೆ ಹತ್ತು ಪಾಠಗಳಿಗೆ ಮೀರಿದ ಸಿದ್ಧತೆ ಅದರಿಂದಾಗುತ್ತದೆ.

ಮೂರನೆಯದು, ಸಿದ್ಧತೆಯ ಭಾಷೆಯನ್ನು ಬದಲಿಸುವುದು. ಓನ್ಯದ ಸನ್ಯಾಸಿಯೂ ಪ್ಯಾರಿಸಿನ ಗುರುವೂ ಮಾಡಿದ್ದು ಅದನ್ನೇ. ಚಿತ್ರ, ಸ್ಪರ್ಶ, ದೀಪ, ಹಾಡು, ಮೌನ, ಒಂದೇ ಕ್ರಮದ ಪುನರಾವರ್ತನೆ ಇವೆಲ್ಲವೂ ಉಪದೇಶಗಳೇ. ಖಾಲಿ ಇಗರ್ಜಿಯಲ್ಲಿ ವಾರದ ದಿನಗಳಂದು ಬಲಿಪೀಠದವರೆಗೆ ನಡೆದು ಬರುವುದನ್ನು ರೂಢಿಮಾಡಿಸಬಹುದು. ಗದ್ದಲವನ್ನು ಸಹಿಸಲಾರದವರಿಗೆ ಧ್ವನಿವರ್ಧಕದ ಅಬ್ಬರವನ್ನು ತಗ್ಗಿಸಬಹುದು. ಘನಪದಾರ್ಥವನ್ನು ನುಂಗಲಾಗದವರಿಗೆ ಅಗತ್ಯವಿದ್ದಾಗ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದವನ್ನು ಕೊಡಲು 925ನೇ ವಿಧಿ ಅನುಮತಿಸುತ್ತದೆ. ಇದನ್ನು ತಿಳಿಯದೆ ಎಷ್ಟೋ ಮಂದಿಯನ್ನು ಸುಮ್ಮನೆ ಹರಸಿ ಕಳುಹಿಸಲಾಗಿದೆ.

ನಾಲ್ಕನೆಯದು, ಅವರಿಂದ ಪಡೆಯುವುದು. ಸ್ವಾಗತವೆಂದರೆ ಅತಿಥಿಯನ್ನಾಗಿ ಕೂರಿಸುವುದಷ್ಟೇ ಅಲ್ಲ. ಮನೆಯವರು ಕೆಲಸಕ್ಕೂ ಕೈಹಾಕುತ್ತಾರೆ. ಕಾಣಿಕೆಗಳನ್ನು ತರಲು, ಬಲಿಪೀಠದ ಸೇವೆಗೆ, ಬ್ರೈಲ್ ಲಿಪಿಯಲ್ಲಿ ವಾಚನ ಓದಲು, ಸಂಜ್ಞಾಭಾಷೆಯಲ್ಲಿ ಪ್ರಾರ್ಥನೆಯನ್ನು ಮುನ್ನಡೆಸಲು ಶಕ್ತರಾದವರು ನಮ್ಮ ನಡುವೆ ಇದ್ದಾರೆ. ದುರ್ಬಲ ಅಂಗಗಳು ಅತ್ಯಗತ್ಯವೆಂದು ಪೌಲರು ಹೇಳಿದ್ದು ಕರುಣೆಯ ಮಾತಾಗಿ ಅಲ್ಲ. ದೇಹದ ರಚನೆ ಹಾಗಿದೆಯೆಂಬ ಕಾರಣಕ್ಕೆ.

ಬಲಿಪೂಜೆಯ ನಡುವೆ ಒಬ್ಬ ಯುವಕ ಕೂಗಿದರೆ ಭಕ್ತರು ತಿರುಗಿ ನೋಡುವುದು ಸಹಜ. ಆಗ ಅವರು ಅವನನ್ನು ನೋಡಿದ ಮೇಲೆ ಗುರುಗಳ ಮುಖವನ್ನೂ ನೋಡುತ್ತಾರೆ. ಗುರುಗಳ ಹುಬ್ಬು ಗಂಟಿಕ್ಕಿದರೆ ಇಡೀ ಸಭೆಯ ಹುಬ್ಬು ಗಂಟಿಕ್ಕುತ್ತದೆ. ಗುರುಗಳು ಶಾಂತವಾಗಿ ಪ್ರಾರ್ಥನೆಯನ್ನು ಮುಂದುವರಿಸಿದರೆ ಸಭೆಯೂ ಕ್ರಮೇಣ ಅವನನ್ನು ತನ್ನವನೆಂದು ಎಣಿಸಲು ಕಲಿಯುತ್ತದೆ. ಇಪ್ಪತ್ತು ಶತಮಾನಗಳ ಈ ಚರ್ಚೆ ಕಡೆಗೆ ಬಂದು ನಿಲ್ಲುವುದು ಅಂತಹ ಒಂದು ಕ್ಷಣದಲ್ಲಿ. ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಬೇಕೆಂಬುದನ್ನು ಒಡೆಯನು ಎಂದೋ ತೀರ್ಮಾನಿಸಿದ್ದಾನೆ. ಬಡಿಸುವ ಕೈ ನಮ್ಮದು. ಅದು ಯಾರನ್ನೂ ದಾಟಿ ಮುಂದೆ ಹೋಗದಿರಲಿ.